ಮೀನಿನ ವಯಸ್ಸು ಹೇಳುವ ಕಲ್ಲು: ದೊಡ್ಡ ಮೀನೆಲ್ಲ ಹಳೆಯ ಮೀನೇ?

ಮೀನಿನ ತಲೆಯ ಸಾರು ಉಣ್ಣುವವರಿಗೆ ಇದು ಹೊಸ ಅನುಭವವಲ್ಲ. ತಲೆಯನ್ನು ಚೀಪುತ್ತಿರುವಾಗ ಹಲ್ಲಿಗೆ ಏನೋ ಗಟ್ಟಿಯಾದದ್ದು ಸಿಗುತ್ತದೆ. ಹೊರತೆಗೆದು ನೋಡಿದರೆ ಬಿಳಿಯ, ನಯವಾದ ಪುಟ್ಟ ಕಲ್ಲು. ಕಲ್ಲೂರಿನಂಥ ಮೀನಿನಲ್ಲಿ ಅದು ಸುಲಭವಾಗಿ ಕಾಣುವಷ್ಟು ದೊಡ್ಡದಿರುತ್ತದೆ. ಬಂಗುಡೆ, ಬೂತಾಯಿಗಳಲ್ಲಿ ಇದ್ದದ್ದೇ ಗೊತ್ತಾಗುವುದಿಲ್ಲ. ಮೀನು ಎಲ್ಲೋ ಕಲ್ಲು ನುಂಗಿರಬೇಕು ಎಂದುಕೊಂಡು ಅದನ್ನು ತಟ್ಟೆಯ ಅಂಚಿಗಿಟ್ಟು ನಾವು ಊಟ ಮುಂದುವರಿಸುತ್ತೇವೆ.

ಆದರೆ ಅದು ಹೊರಗಿನಿಂದ ಬಂದ ಕಲ್ಲಲ್ಲ, ಮೀನಿನ ದೇಹವೇ ಕಟ್ಟಿಕೊಂಡ ಕಲ್ಲು. ಆ ಮೀನು ಎಷ್ಟು ವರ್ಷ ಬದುಕಿತ್ತು, ಯಾವ ವರ್ಷ ಚೆನ್ನಾಗಿ ಬೆಳೆಯಿತು, ಯಾವ ವರ್ಷ ಸೊರಗಿತು ಎಂಬುದೆಲ್ಲ ಅದರಲ್ಲಿ ಪದರ ಪದರವಾಗಿ ದಾಖಲಾಗಿರುತ್ತದೆ. ಸಮುದ್ರದಿಂದ ಎಷ್ಟು ಮೀನು ಹಿಡಿಯಬಹುದು, ಎಷ್ಟು ಬಿಡಬೇಕು ಎಂದು ಲೆಕ್ಕ ಹಾಕುವ ವಿಜ್ಞಾನಿಗಳು ಮೊದಲು ಕೈಗೆತ್ತಿಕೊಳ್ಳುವ ದಾಖಲೆಗಳಲ್ಲಿ ಇದೂ ಒಂದು. ಇದನ್ನು ಸರಿಯಾಗಿ ಓದದೆ ಲೆಕ್ಕ ಹಾಕಿದಾಗ ಏನಾಗುತ್ತದೆ ಎಂಬುದಕ್ಕೂ ಉದಾಹರಣೆಗಳಿವೆ. ಮೀನಿನ ವಯಸ್ಸನ್ನು ಹೇಗೆ ಕಂಡುಹಿಡಿಯುತ್ತಾರೆ, ಅದು ನಮ್ಮ ತಟ್ಟೆಗೆ ಬರುವ ಮೀನಿಗೆ ಹೇಗೆ ಸಂಬಂಧಿಸಿದೆ ಎಂದು ಈ ಲೇಖನದಲ್ಲಿ ನೋಡೋಣ.

ಗಾತ್ರ ನೋಡಿ ವಯಸ್ಸು ಹೇಳಬಹುದೇ?

ದೊಡ್ಡ ಮೀನು ಎಂದರೆ ವಯಸ್ಸಾದ ಮೀನು, ಚಿಕ್ಕ ಮೀನು ಎಂದರೆ ಮರಿ ಎಂಬುದು ಸಾಮಾನ್ಯ ನಂಬಿಕೆ. ಒಂದೇ ಜಾತಿಯ ಎಳೆಯ ಮೀನುಗಳ ಮಟ್ಟಿಗೆ ಇದು ಬಹುಪಾಲು ನಿಜ. ಅದರಾಚೆಗೆ ಈ ನಂಬಿಕೆ ಕೈಕೊಡುತ್ತದೆ. ಇದಕ್ಕೆ ಮೂರು ಕಾರಣಗಳಿವೆ.

ಮೊದಲನೆಯದು, ಜಾತಿಯಿಂದ ಜಾತಿಗೆ ಇರುವ ವ್ಯತ್ಯಾಸ. ನಮ್ಮ ಕರಾವಳಿಯ ಅಂಜಲ್ ಮೀನು ತನ್ನ ಮೊದಲ ವರ್ಷದಲ್ಲೇ ಅರ್ಧ ಮೀಟರಿನ ಆಸುಪಾಸು ಬೆಳೆಯುತ್ತದೆ. ನ್ಯೂಜಿಲೆಂಡ್ ಮತ್ತು ಆಸ್ಟ್ರೇಲಿಯಾದ ಆಳ ಸಮುದ್ರದಲ್ಲಿ ಸಿಗುವ ಆರೆಂಜ್ ರಫಿ ಎಂಬ ಕೆಂಪು ಮೀನು ಸಾಮಾನ್ಯವಾಗಿ 35-40 ಸೆಂ.ಮೀ. ಉದ್ದವಿರುತ್ತದೆ. ಅಷ್ಟು ಉದ್ದದ ಮೀನಿಗೆ ನೂರು ವರ್ಷ ಆಗಿರಲೂಬಹುದು! ಎರಡನ್ನೂ ಪಕ್ಕಪಕ್ಕ ಇಟ್ಟರೆ ಒಂದು ವರ್ಷದ ಮೀನೇ ನೂರು ವರ್ಷದ ಮೀನಿಗಿಂತ ದೊಡ್ಡದಾಗಿ ಕಾಣುತ್ತದೆ.

ಎರಡನೆಯದು, ಆಹಾರ ಮತ್ತು ಜಾಗ. ನಮ್ಮ ಕೆರೆಗಳಲ್ಲಿ ಸಿಗುವ ಜಿಲೇಬಿ ಮೀನನ್ನೇ ನೋಡಿ. ಜಾಗ, ಆಹಾರ ಸಾಕಷ್ಟಿದ್ದರೆ ಅದು ದಷ್ಟಪುಷ್ಟವಾಗಿ ಬೆಳೆಯುತ್ತದೆ. ಅದೇ ಮೀನು ಒಂದು ಸಣ್ಣ ಹೊಂಡದಲ್ಲಿ ಕಿಕ್ಕಿರಿದು ತುಂಬಿದರೆ ಅಂಗೈಯಷ್ಟಿರುವಾಗಲೇ ಮೊಟ್ಟೆ ಇಡಲು ಶುರುಮಾಡಿ ಅಲ್ಲಿಗೇ ಕುಂಠಿತವಾಗುತ್ತದೆ. ನೋಡಲು ಮರಿಯಂತಿದ್ದರೂ ಅದು ಮರಿಯಲ್ಲ.

ಮೂರನೆಯದು, ಬೆಳವಣಿಗೆಯ ರೀತಿ. ಮನುಷ್ಯರು, ಹಸುಗಳು, ಕೋಳಿಗಳು ಒಂದು ಹಂತಕ್ಕೆ ಬಂದ ಮೇಲೆ ಬೆಳೆಯುವುದನ್ನು ನಿಲ್ಲಿಸುತ್ತವೆ. ಹೆಚ್ಚಿನ ಮೀನುಗಳು ಬದುಕಿರುವಷ್ಟು ಕಾಲ ಸ್ವಲ್ಪ ಸ್ವಲ್ಪವಾದರೂ ಬೆಳೆಯುತ್ತಲೇ ಇರುತ್ತವೆ, ಆದರೆ ವೇಗ ವರ್ಷದಿಂದ ವರ್ಷಕ್ಕೆ ತಗ್ಗುತ್ತಾ ಹೋಗುತ್ತದೆ. ಮೊದಲ ವರ್ಷ ಒಂದು ಗೇಣು ಬೆಳೆದದ್ದು ಹತ್ತನೇ ವರ್ಷ ಒಂದು ಬೆರಳಿನಷ್ಟೂ ಬೆಳೆಯದಿರಬಹುದು. ಹೀಗಾಗಿ 10 ವರ್ಷದ ಮೀನಿಗೂ 20 ವರ್ಷದ ಮೀನಿಗೂ ಉದ್ದದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರುವುದಿಲ್ಲ.

ಮೊದಲು ಕಡಿದಾಗಿ ಏರಿ ಆಮೇಲೆ ಚಪ್ಪಟೆಯಾಗುವ ಈ ಬೆಳವಣಿಗೆಯನ್ನು ಗಣಿತದ ಒಂದು ಸೂತ್ರದಲ್ಲಿ ಹಿಡಿದಿಟ್ಟವರು ಆಸ್ಟ್ರಿಯಾದ ಜೀವವಿಜ್ಞಾನಿ ಲುಡ್ವಿಗ್ ಫಾನ್ ಬರ್ಟಲಾನ್ಫಿ. 1938ರಲ್ಲಿ ಪ್ರಕಟವಾದ ಅವರ ಸೂತ್ರವನ್ನು ಮೀನುಗಾರಿಕಾ ವಿಜ್ಞಾನ ಇಂದಿಗೂ ಬಳಸುತ್ತಿದೆ. ಅದಕ್ಕೆ ಮುಖ್ಯವಾಗಿ ಬೇಕಾದದ್ದು ಎರಡು ಮಾಹಿತಿ: ಆ ಜಾತಿಯ ಮೀನು ಸರಾಸರಿ ಎಷ್ಟು ಉದ್ದದವರೆಗೆ ಬೆಳೆಯಬಲ್ಲದು, ಮತ್ತು ಆ ಉದ್ದವನ್ನು ಎಷ್ಟು ಬೇಗ ಸಮೀಪಿಸುತ್ತದೆ. ಇವೆರಡನ್ನೂ ಪಡೆಯಲು ಮೀನಿನ ಉದ್ದದ ಜೊತೆಗೆ ವಯಸ್ಸೂ ಗೊತ್ತಿರಬೇಕು.

ತಲೆಯೊಳಗಿನ ಕಲ್ಲು ಯಾವುದು?

ಮೀನಿಗೆ ಹೊರಗಿವಿ ಇಲ್ಲದಿದ್ದರೂ ತಲೆಬುರುಡೆಯೊಳಗೆ ಒಳಗಿವಿ ಇದೆ. ಅದರಲ್ಲಿ ಮೂರು ಜೊತೆ ಪುಟ್ಟ ಕಲ್ಲುಗಳಿರುತ್ತವೆ. ಇವುಗಳ ಹೆಸರು ಒಟೋಲಿತ್. ಕನ್ನಡದಲ್ಲಿ ಕಿವಿಗಲ್ಲು ಎನ್ನಬಹುದು. ಮೀನು ತಾನು ನೆಟ್ಟಗಿದ್ದೇನೋ ವಾಲಿದ್ದೇನೋ ಎಂದು ತಿಳಿಯುವುದಕ್ಕೆ ಮತ್ತು ನೀರಿನಲ್ಲಿ ಬರುವ ಶಬ್ದ ಗ್ರಹಿಸುವುದಕ್ಕೆ ಇವು ಬೇಕು. ಹೆಚ್ಚಿನ ಮೀನುಗಳಲ್ಲಿ ಮೂರು ಜೊತೆಗಳ ಪೈಕಿ ಒಂದು ಜೊತೆ ಉಳಿದವಕ್ಕಿಂತ ದೊಡ್ಡದಿರುತ್ತದೆ. ನಮ್ಮ ಹಲ್ಲಿಗೆ ಸಿಗುವುದು ಅದೇ.

ಈ ಕಲ್ಲು ಕ್ಯಾಲ್ಸಿಯಂ ಕಾರ್ಬೊನೇಟಿನಿಂದ ಆದದ್ದು. ಕಪ್ಪೆಚಿಪ್ಪಿನಲ್ಲಿ ಇರುವುದೂ ಅದೇ ವಸ್ತು. ಜೊತೆಗೆ ಸ್ವಲ್ಪ ಪ್ರೊಟೀನ್ ಇರುತ್ತದೆ. ಮೀನು ಮರಿಯಾಗಿದ್ದಾಗಿನಿಂದ ಕಲ್ಲಿನ ಮೇಲೆ ಹೊಸ ಪದರಗಳು ಕೂಡುತ್ತಾ ಹೋಗುತ್ತವೆ. ಒಮ್ಮೆ ಕೂಡಿದ ಪದರ ಸಾಮಾನ್ಯವಾಗಿ ಕರಗುವುದಿಲ್ಲ. ಮೀನು ಹಸಿವಿನಿಂದ ಸೊರಗಿದರೂ ಹಳೆಯ ಪದರ ಇದ್ದ ಹಾಗೇ ಇರುತ್ತದೆ. ಇದೇ ಕಾರಣಕ್ಕೆ ವಯಸ್ಸು ತಿಳಿಯಲು ಕಿವಿಗಲ್ಲು ಹೆಚ್ಚು ನಂಬಿಕೆಗೆ ಅರ್ಹ.

ಮೀನಿನ ಹುರುಪೆಗಳಲ್ಲೂ ಬೆನ್ನುಮೂಳೆಯಲ್ಲೂ ಇಂಥ ಉಂಗುರಗಳಿರುತ್ತವೆ. 1759ರಲ್ಲೇ ಸ್ವೀಡನ್ನಿನ ಹಾನ್ಸ್ ಹೆಡರ್‌ಸ್ಟ್ರೋಮ್ ಎಂಬುವರು ಪೈಕ್ ಎಂಬ ಮೀನಿನ ಬೆನ್ನುಮೂಳೆಯ ಉಂಗುರ ಎಣಿಸಿ ವಯಸ್ಸು ಹೇಳಿದ್ದರು. ಹುರುಪೆಯನ್ನು ಮೀನು ಕೊಲ್ಲದೆಯೇ ಕಿತ್ತು ನೋಡಬಹುದು ಎಂಬುದು ಒಂದು ಅನುಕೂಲ. ಆದರೆ ಹುರುಪೆ ಉದುರಿ ಹೊಸದು ಬರುತ್ತದೆ. ಹೊಸ ಹುರುಪೆಯಲ್ಲಿ ಹಿಂದಿನ ವರ್ಷಗಳ ಲೆಕ್ಕ ಇರುವುದಿಲ್ಲ. ಮೀನಿಗೆ ವಯಸ್ಸಾದಂತೆ ಹುರುಪೆಯ ಅಂಚಿನ ಉಂಗುರಗಳು ಒತ್ತೊತ್ತಾಗಿ ಎಣಿಸಲೂ ಆಗುವುದಿಲ್ಲ. ಶಾರ್ಕ್ ಮೀನುಗಳಿಗೆ ಇಂಥ ಗಟ್ಟಿ ಕಿವಿಗಲ್ಲು ಇಲ್ಲ. ಅವುಗಳಲ್ಲಿ ಬೆನ್ನುಮೂಳೆಯ ಉಂಗುರಗಳನ್ನೇ ನೋಡಬೇಕಾಗುತ್ತದೆ.

ಉಂಗುರ ಎಣಿಸುವುದು ಹೇಗೆ?

ಚಳಿ ದೇಶಗಳ ಸಮುದ್ರದಲ್ಲಿ ಬೇಸಿಗೆಯಲ್ಲಿ ಆಹಾರ ಹೆಚ್ಚು, ಮೀನು ಬೇಗ ಬೆಳೆಯುತ್ತದೆ. ಚಳಿಗಾಲದಲ್ಲಿ ಬೆಳವಣಿಗೆ ನಿಧಾನ. ಬೇಗ ಬೆಳೆದಾಗ ಕೂಡುವ ಪದರವೂ ನಿಧಾನವಾಗಿ ಬೆಳೆದಾಗ ಕೂಡುವ ಪದರವೂ ಬೆಳಕಿಗೆ ಹಿಡಿದಾಗ ಬೇರೆ ಬೇರೆಯಾಗಿ ಕಾಣುತ್ತವೆ. ಒಂದು ಮಬ್ಬಾದ ಪಟ್ಟಿ, ಪಕ್ಕದಲ್ಲಿ ಒಂದು ಬೆಳಕು ಹಾಯುವ ಪಟ್ಟಿ; ಇವೆರಡೂ ಸೇರಿದರೆ ಒಂದು ವರ್ಷ. ಮರದ ಕಾಂಡದ ಉಂಗುರಗಳ ಹಾಗೆಯೇ.

ಎಣಿಸುವ ಕೆಲಸ ಮಾತ್ರ ಸುಲಭದ್ದಲ್ಲ. ಕಲ್ಲನ್ನು ತಲೆಯಿಂದ ಬಿಡಿಸಿ, ತೊಳೆದು, ಒಣಗಿಸಿ, ಅಂಟುದ್ರಾವಣದಲ್ಲಿ ಹುದುಗಿಸಿ ಗಟ್ಟಿಯಾಗಿಸುತ್ತಾರೆ. ನಂತರ ಅದರ ಮಧ್ಯಬಿಂದುವಿನ ಮೂಲಕವೇ ಹಾಯುವಂತೆ ತೆಳ್ಳಗೆ ಹೋಳು ಮಾಡುತ್ತಾರೆ. ಆ ಹೋಳನ್ನು ಉಜ್ಜಿ ನಯಮಾಡಿ ಸೂಕ್ಷ್ಮದರ್ಶಕದಡಿ ಇಡುತ್ತಾರೆ. ಕೆಲವು ಪ್ರಯೋಗಾಲಯಗಳಲ್ಲಿ ಕಲ್ಲನ್ನು ಎರಡಾಗಿ ಮುರಿದು ದೀಪದ ಉರಿಗೆ ಹಿಡಿಯುತ್ತಾರೆ. ಆಗ ಉಂಗುರಗಳು ಕಂದು ಬಣ್ಣ ತಳೆದು ಎದ್ದು ಕಾಣುತ್ತವೆ.

ಒಬ್ಬರ ಎಣಿಕೆಯನ್ನೇ ನಂಬುವ ಹಾಗಿಲ್ಲ. ಒಂದೇ ಕಲ್ಲನ್ನು ಇಬ್ಬರು ಪ್ರತ್ಯೇಕವಾಗಿ ಎಣಿಸುತ್ತಾರೆ. ಮೀನಿನ ಉದ್ದ ಎಷ್ಟಿತ್ತೆಂದು ಎಣಿಸುವವರಿಗೆ ಹೇಳದಿರುವುದು ಒಳ್ಳೆಯ ಪದ್ಧತಿ. ದೊಡ್ಡ ಮೀನು ಎಂದು ಮೊದಲೇ ಗೊತ್ತಿದ್ದರೆ ಕಣ್ಣಿಗೆ ಒಂದೆರಡು ಉಂಗುರ ಹೆಚ್ಚೇ ಕಾಣುತ್ತದೆ.

ವಯಸ್ಸು ತಿಳಿದು ಏನು ಮಾಡುತ್ತಾರೆ?

ಬಂದರಿಗೆ ಬಂದ ಮೀನಿನಲ್ಲಿ ಒಂದಿಷ್ಟನ್ನು ಆರಿಸಿ ವಯಸ್ಸು ನೋಡಿದೆವು ಎಂದುಕೊಳ್ಳಿ. 2 ವರ್ಷದವು 400, 3 ವರ್ಷದವು 200, 4 ವರ್ಷದವು 100 ಸಿಕ್ಕವು. ಹುಟ್ಟುವ ಮರಿಗಳ ಸಂಖ್ಯೆ ವರ್ಷವರ್ಷವೂ ಹೆಚ್ಚುಕಡಿಮೆ ಒಂದೇ ಎಂದಾದರೆ, ಪ್ರತಿ ವರ್ಷ ಅರ್ಧದಷ್ಟು ಮೀನು ಸಾಯುತ್ತಿದೆ ಎಂದು ಅರ್ಥ. ಈ ಸಾವಿನಲ್ಲಿ ಎರಡು ಪಾಲು: ರೋಗ, ಮುಪ್ಪು, ಬೇರೆ ಮೀನಿನ ಬಾಯಿ ಇವುಗಳಿಂದ ಆಗುವ ಸಹಜ ಸಾವು ಒಂದು, ಬಲೆಯಿಂದ ಆಗುವ ಸಾವು ಇನ್ನೊಂದು. ಎರಡನೆಯದು ಮಾತ್ರ ನಮ್ಮ ಕೈಯಲ್ಲಿದೆ. ಅದು ಎಷ್ಟಿದೆ, ಎಷ್ಟಿರಬೇಕು ಎಂಬುದೇ ಮೀನುಗಾರಿಕೆ ನಿರ್ವಹಣೆಯ ಪ್ರಶ್ನೆ.

ವಯಸ್ಸಿನ ಲೆಕ್ಕದಿಂದ ಇನ್ನೊಂದು ಗುಟ್ಟೂ ಬಯಲಾಯಿತು. ಒಂದು ವರ್ಷ ಮೀನು ರಾಶಿ ರಾಶಿ ಸಿಕ್ಕು ಇನ್ನೊಂದು ವರ್ಷ ಸಿಗದೇ ಹೋದಾಗ, ಮೀನು ಬೇರೆ ಕಡೆ ವಲಸೆ ಹೋಯಿತು ಎಂದೇ ಹಿಂದೆ ಭಾವಿಸುತ್ತಿದ್ದರು. ನಾರ್ವೆಯ ವಿಜ್ಞಾನಿ ಯೋಹಾನ್ ಯೋರ್ಟ್ ಮತ್ತು ಸಂಗಡಿಗರು ವರ್ಷಗಟ್ಟಲೆ ಹೆರಿಂಗ್ ಮೀನಿನ ಹುರುಪೆಗಳನ್ನು ಓದಿದರು. 1904ರಲ್ಲಿ ಹುಟ್ಟಿದ ಮೀನುಗಳೇ ಮುಂದೆ ಹಲವು ವರ್ಷ ಅಲ್ಲಿನ ಬಲೆಗಳನ್ನು ತುಂಬುತ್ತಿದ್ದವು. ಆ ಒಂದು ವರ್ಷ ಮರಿಗಳು ಅಸಾಧಾರಣ ಸಂಖ್ಯೆಯಲ್ಲಿ ಬದುಕುಳಿದಿದ್ದವು. ಉಳಿದ ವರ್ಷಗಳಲ್ಲಿ ಹಾಗಾಗಿರಲಿಲ್ಲ. ಯೋರ್ಟ್ ಇದನ್ನು 1914ರಲ್ಲಿ ಪ್ರಕಟಿಸಿದರು. ಇಂದಿನ ಸುಗ್ಗಿ ಹಿಂದೆಂದೋ ಹುಟ್ಟಿದ ಒಂದೇ ತಲೆಮಾರಿನ ಕೊಡುಗೆ ಇರಬಹುದು, ಅದು ಮುಗಿದ ಮೇಲೆ ಹಿಂದೆ ಏನೂ ಇಲ್ಲದಿರಬಹುದು ಎಂಬ ಎಚ್ಚರ ಬಂದದ್ದು ಹೀಗೆ.

ಎಣಿಕೆ ತಪ್ಪಿದರೆ ಏನಾಗುತ್ತದೆ?

ಮನೆಯ ಹಿತ್ತಲಲ್ಲಿ ಬಸಳೆ ಚಪ್ಪರವೂ ಇದೆ, ಹಲಸಿನ ಮರವೂ ಇದೆ ಎಂದುಕೊಳ್ಳೋಣ. ಬಸಳೆಯ ಕುಡಿಯನ್ನು ವಾರವಾರ ಕೊಯ್ಯಬಹುದು, ಮತ್ತೆ ಚಿಗುರುತ್ತದೆ. ಮರಮಟ್ಟಿಗೆಂದು ಹಲಸಿನ ಮರ ಕಡಿದರೆ ಆ ಜಾಗ ತುಂಬಲು ಒಂದು ತಲೆಮಾರೇ ಬೇಕು. ಹಲಸನ್ನು ಬಸಳೆ ಎಂದು ತಿಳಿದು ಕೊಯ್ದರೆ? ಆರೆಂಜ್ ರಫಿಯ ವಿಷಯದಲ್ಲಿ ಆದದ್ದು ಹೆಚ್ಚುಕಡಿಮೆ ಅದೇ.

1970ರ ದಶಕದ ಕೊನೆಯಲ್ಲಿ ನ್ಯೂಜಿಲೆಂಡ್ ಸುತ್ತಲಿನ ಆಳ ಸಮುದ್ರದಲ್ಲಿ ಈ ಮೀನನ್ನು ದೊಡ್ಡ ಪ್ರಮಾಣದಲ್ಲಿ ಹಿಡಿಯಲು ಶುರುವಾಯಿತು. ಮುಂದಿನ ದಶಕದಲ್ಲಿ ಆಸ್ಟ್ರೇಲಿಯಾದ ಟಾಸ್ಮೇನಿಯಾ ಬಳಿಯೂ ಆರಂಭವಾಯಿತು. ಸಮುದ್ರದೊಳಗಿನ ಬೆಟ್ಟಗಳ ಸುತ್ತ ಮೊಟ್ಟೆ ಇಡಲು ಈ ಮೀನು ದಟ್ಟವಾಗಿ ಗುಂಪುಗೂಡುತ್ತದೆ. ಬಲೆ ಇಳಿಸಿದ ದೋಣಿಗಳಿಗೆ ಒಮ್ಮೆಗೇ ಟನ್‌ಗಟ್ಟಲೆ ಸಿಗುತ್ತಿತ್ತು. ಅಷ್ಟು ಮೀನು ಕಂಡಾಗ ಸಂಪತ್ತು ಅಕ್ಷಯವೆಂದೇ ತೋರಿತು. ಇತರ ಅನೇಕ ಮೀನುಗಳಂತೆ ಇದೂ ಕೆಲವು ದಶಕ ಬದುಕಿ, ಬೇಗ ಬೇಗ ಮರಿ ಮಾಡುವ ಮೀನು ಎಂದು ಆರಂಭದಲ್ಲಿ ಭಾವಿಸಲಾಗಿತ್ತು.

ಕಿವಿಗಲ್ಲನ್ನು ಹೋಳು ಮಾಡಿ ನೋಡತೊಡಗಿದಾಗ ಬೇರೆಯೇ ಚಿತ್ರ ಕಂಡಿತು. ಇಡೀ ಕಲ್ಲಿನ ಮೇಲ್ಮೈಯಲ್ಲಿ ಕಾಣದ ಉಂಗುರಗಳು ಒಳಗೆ ಒತ್ತೊತ್ತಾಗಿ ಕೂತಿದ್ದವು. ಮೀನಿಗೆ ವಯಸ್ಸಾದ ಮೇಲೆ ಕಲ್ಲು ಉದ್ದಕ್ಕೆ ಬೆಳೆಯದೆ ದಪ್ಪಕ್ಕೆ ಬೆಳೆಯುತ್ತದೆ, ಹಾಗಾಗಿ ಮೇಲಿನಿಂದ ನೋಡಿ ಎಣಿಸಿದರೆ ಲೆಕ್ಕ ಕಡಿಮೆಯಾಗುತ್ತದೆ. 1991ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು ಕಲ್ಲಿನಲ್ಲಿರುವ ವಿಕಿರಣಶೀಲ ಧಾತುಗಳನ್ನು ಅಳೆದು ಈ ಮೀನು ನೂರು ವರ್ಷ ದಾಟಬಲ್ಲದು ಎಂದು ತೋರಿಸಿದರು. ಅದು ಮೊಟ್ಟೆ ಇಡುವ ಪ್ರಾಯಕ್ಕೆ ಬರಲು ಸುಮಾರು 30 ವರ್ಷ ಬೇಕು ಎಂಬುದು ಈಗ ಗೊತ್ತಾಗಿದೆ. 200 ವರ್ಷ ದಾಟಿದ ಮೀನುಗಳೂ ಪತ್ತೆಯಾಗಿವೆ.

ಈ ವ್ಯತ್ಯಾಸ ಎಷ್ಟು ದೊಡ್ಡದು ಎಂಬುದನ್ನು ಒಂದು ಸರಳ ಲೆಕ್ಕದಿಂದ ನೋಡೋಣ. ಮೀನುಗಾರಿಕೆಯೇ ಇಲ್ಲದಾಗ ನೂರರಲ್ಲಿ ಒಂದು ಮೀನು ಗರಿಷ್ಠ ವಯಸ್ಸಿನವರೆಗೆ ಉಳಿಯುತ್ತದೆ ಎಂದು ಇಟ್ಟುಕೊಳ್ಳಿ. ಗರಿಷ್ಠ ವಯಸ್ಸು 30 ಎಂದಾದರೆ ಪ್ರತಿ ವರ್ಷ ನೂರಕ್ಕೆ ಸುಮಾರು 14 ಮೀನು ಸಹಜವಾಗಿ ಸಾಯಬೇಕು. ಗರಿಷ್ಠ ವಯಸ್ಸು 120 ಎಂದಾದರೆ ಸಾಯುವುದು ನೂರಕ್ಕೆ 4ಕ್ಕಿಂತಲೂ ಕಡಿಮೆ. ಸಹಜ ಸಾವಿನ ಪ್ರಮಾಣಕ್ಕಿಂತ ಬಲೆಯ ಸಾವು ಹೆಚ್ಚಬಾರದು ಎಂಬುದು ಮೀನುಗಾರಿಕೆಯಲ್ಲಿ ಹಿಂದಿನಿಂದ ಬಂದ ಒಂದು ಸ್ಥೂಲ ನಿಯಮ. ಅಂದರೆ ವಯಸ್ಸನ್ನು ನಿಜವಾದದ್ದರ ನಾಲ್ಕನೇ ಒಂದರಷ್ಟೇ ಎಂದು ಎಣಿಸಿದ್ದರಿಂದ, ವರ್ಷಕ್ಕೆ 4 ಮೀನು ಹಿಡಿಯಬೇಕಾದ ಕಡೆ 14 ಹಿಡಿಯಲು ಅನುಮತಿ ಕೊಟ್ಟ ಹಾಗಾಯಿತು!

ಆರೆಂಜ್ ರಫಿಯ ಅನೇಕ ತಾಣಗಳು ಕೆಲವೇ ವರ್ಷಗಳಲ್ಲಿ ಬರಿದಾದವು. ಇದಕ್ಕೆ ವಯಸ್ಸಿನ ತಪ್ಪು ಲೆಕ್ಕವೊಂದೇ ಕಾರಣವಲ್ಲ. ಒಟ್ಟು ಎಷ್ಟು ಮೀನು ಇದೆ ಎಂಬ ಅಂದಾಜೂ ಅತಿಯಾಗಿತ್ತು, ಮೀನು ಗುಂಪುಗೂಡುವ ಜಾಗವೂ ದೋಣಿಗಳಿಗೆ ಗೊತ್ತಿತ್ತು. ಮುಂದೆ ಕೆಲವು ಪ್ರದೇಶಗಳನ್ನು ಮುಚ್ಚಲಾಯಿತು, ಕೆಲವೆಡೆ ಹಿಡಿಯುವ ಮಿತಿಯನ್ನು ತೀವ್ರವಾಗಿ ಇಳಿಸಲಾಯಿತು. 2006ರಲ್ಲಿ ಆಸ್ಟ್ರೇಲಿಯಾ ಈ ಮೀನನ್ನು ಸಂರಕ್ಷಣೆಯ ಪಟ್ಟಿಗೆ ಸೇರಿಸಿತು. ಆಗ ಹಿಡಿದು ಮುಗಿಸಿದ ಮೀನುಗಳ ಜಾಗಕ್ಕೆ ಹುಟ್ಟಿದ ಮರಿಗಳು ಮೊಟ್ಟೆ ಇಡುವ ಪ್ರಾಯಕ್ಕೆ ಬರುತ್ತಿರುವುದು ಈಗಷ್ಟೇ.

ಎಣಿಕೆ ಸರಿ ಎಂದು ನಂಬುವುದು ಹೇಗೆ?

ಒಂದು ಉಂಗುರ ಒಂದೇ ವರ್ಷದ್ದು ಎಂಬುದಕ್ಕೆ ಏನು ಗ್ಯಾರಂಟಿ? ರೋಗ ಬಂದಾಗ, ಮೊಟ್ಟೆ ಇಟ್ಟಾಗ, ಆಹಾರ ಸಿಗದಿದ್ದಾಗಲೂ ಗೆರೆ ಮೂಡಬಹುದಲ್ಲ? ಈ ಪ್ರಶ್ನೆಯನ್ನು ಅನೇಕ ಅಧ್ಯಯನಗಳು ಮರೆತೇಬಿಟ್ಟಿವೆ ಎಂದು ಕೆನಡಾದ ಬೀಮಿಶ್ ಮತ್ತು ಮ್ಯಾಕ್‌ಫಾರ್ಲೇನ್ 1983ರಲ್ಲಿ ಎಚ್ಚರಿಸಿದರು. ಅಲ್ಲಿಂದೀಚೆಗೆ ಎಣಿಕೆಯನ್ನು ಪರೀಕ್ಷೆಗೊಡ್ಡುವ ವಿಧಾನಗಳಿಗೆ ಮಹತ್ವ ಬಂತು. ಮುಖ್ಯವಾದವು ಮೂರು.

ಒಂದು, ಗುರುತು ಮಾಡಿ ಬಿಡುವುದು. ಮೀನಿಗೆ ಟೆಟ್ರಾಸೈಕ್ಲಿನ್ ಔಷಧಿಯ ಚುಚ್ಚುಮದ್ದು ಕೊಟ್ಟರೆ ಅದು ಆ ದಿನದ ಪದರದಲ್ಲಿ ಸೇರಿಕೊಳ್ಳುತ್ತದೆ. ನೇರಳಾತೀತ ಬೆಳಕಿನಲ್ಲಿ ಆ ಪದರ ಹೊಳೆಯುತ್ತದೆ. ಅದೇ ಮೀನು ಎರಡು ವರ್ಷದ ನಂತರ ಮತ್ತೆ ಸಿಕ್ಕರೆ, ಹೊಳೆಯುವ ಗೆರೆಯ ಹೊರಗೆ ಎರಡೇ ಉಂಗುರ ಇವೆಯೇ ಎಂದು ನೋಡಬಹುದು.

ಎರಡು, ಅಣುಬಾಂಬಿನ ಗುರುತು. 1950 ಮತ್ತು 60ರ ದಶಕಗಳಲ್ಲಿ ವಾತಾವರಣದಲ್ಲಿ ನಡೆದ ಅಣ್ವಸ್ತ್ರ ಪರೀಕ್ಷೆಗಳಿಂದ ವಿಕಿರಣಶೀಲ ಇಂಗಾಲದ ಪ್ರಮಾಣ ಏಕಾಏಕಿ ಏರಿತು. ಅದು ಸಮುದ್ರಕ್ಕೂ ಸೇರಿ, ಆಗ ಹುಟ್ಟಿದ ಮೀನುಗಳ ಕಿವಿಗಲ್ಲಿನ ಕೇಂದ್ರದಲ್ಲಿ ಉಳಿದಿದೆ. ಕೇಂದ್ರದಲ್ಲಿ ಆ ಇಂಗಾಲ ಎಷ್ಟಿದೆ ಎಂಬುದು ಮೀನು ಯಾವ ವರ್ಷದ ಆಸುಪಾಸಿನಲ್ಲಿ ಹುಟ್ಟಿತು ಎಂದು ಹೇಳುತ್ತದೆ. ವಿಕಿರಣಶೀಲ ಇಂಗಾಲದ ಅಳತೆಯನ್ನು ಕಣ್ಣಿನ ಮಸೂರಕ್ಕೆ ಬಳಸಿ ಗ್ರೀನ್‌ಲೆಂಡ್ ಶಾರ್ಕ್ ಒಂದರ ವಯಸ್ಸು 272ರಿಂದ 512 ವರ್ಷಗಳ ನಡುವೆ ಇದೆ ಎಂದು 2016ರಲ್ಲಿ ಅಂದಾಜಿಸಲಾಯಿತು.

ಮೂರು, ರೇಡಿಯಂ ಮತ್ತು ಸೀಸದ ಲೆಕ್ಕ. ಕಲ್ಲಿನಲ್ಲಿ ಸೇರಿದ ಅಲ್ಪಪ್ರಮಾಣದ ರೇಡಿಯಂನಿಂದ ವರ್ಷಗಳು ಕಳೆದಂತೆ ವಿಕಿರಣಶೀಲ ಸೀಸ ಉಂಟಾಗುತ್ತದೆ. ಎರಡರ ಅನುಪಾತ ಕಲ್ಲಿಗೆ ಎಷ್ಟು ವಯಸ್ಸಾಯಿತು ಎಂದು ತಿಳಿಸುತ್ತದೆ. ಆರೆಂಜ್ ರಫಿಯ ನಿಜವಾದ ವಯಸ್ಸನ್ನು ಹೊರಗೆಡವಿದ್ದು ಇದೇ ವಿಧಾನ.

ಚಳಿಗಾಲವೇ ಇಲ್ಲದ ನಮ್ಮ ಸಮುದ್ರದಲ್ಲಿ?

ಇಲ್ಲಿಯವರೆಗೆ ಹೇಳಿದ್ದರಲ್ಲಿ ಹೆಚ್ಚಿನದು ತಣ್ಣನೆಯ ನೀರಿನ ಕತೆ. ಅರಬ್ಬಿ ಸಮುದ್ರದಲ್ಲಿ ಮೀನಿನ ಬೆಳವಣಿಗೆಯನ್ನು ನಿಲ್ಲಿಸುವಂಥ ಚಳಿಗಾಲ ಬರುವುದಿಲ್ಲ. ಆದ್ದರಿಂದ ವರ್ಷದ ಉಂಗುರಗಳು ಅನೇಕ ಮೀನುಗಳಲ್ಲಿ ಸ್ಪಷ್ಟವಾಗಿರುವುದಿಲ್ಲ. ಬೂತಾಯಿ, ಬಂಗುಡೆಯಂಥ ಮೀನುಗಳ ಆಯುಸ್ಸೇ ಎರಡು ಮೂರು ವರ್ಷ. ಅಲ್ಲಿ ಒಂದು ಉಂಗುರ ತಪ್ಪಿದರೂ ಅರ್ಧ ಆಯುಸ್ಸೇ ತಪ್ಪಿದ ಹಾಗೆ. ಬೂತಾಯಿಯ ಜೀವನಚರಿತ್ರೆಯನ್ನು 1920ರ ದಶಕದಲ್ಲೇ ಮದ್ರಾಸ್ ಮೀನುಗಾರಿಕೆ ಇಲಾಖೆಯ ಜೇಮ್ಸ್ ಹಾರ್ನೆಲ್ ಮತ್ತು ರಾಮಸ್ವಾಮಿ ನಾಯುಡು ಅಧ್ಯಯನ ಮಾಡಿದ್ದರು. ಆದರೂ ಒಂದು ವರ್ಷದ ಬೂತಾಯಿ ಎಷ್ಟು ಉದ್ದ ಇರುತ್ತದೆ ಎಂಬ ಸರಳ ಪ್ರಶ್ನೆಗೆ ನಂತರದ ಅಧ್ಯಯನಗಳು ಬೇರೆ ಬೇರೆ ಉತ್ತರ ಕೊಟ್ಟಿವೆ.

ಇದಕ್ಕೆ ಎರಡು ದಾರಿಗಳಿವೆ. ಕಿವಿಗಲ್ಲಿನಲ್ಲಿ ದಿನಕ್ಕೊಂದರಂತೆ ಅತಿ ಸೂಕ್ಷ್ಮ ಪದರಗಳೂ ಕೂಡುತ್ತವೆ ಎಂದು ಜಾರ್ಜಿಯೊ ಪನೆಲ್ಲಾ 1971ರಲ್ಲಿ ತೋರಿಸಿದರು. ಹೆಚ್ಚು ಶಕ್ತಿಯ ಸೂಕ್ಷ್ಮದರ್ಶಕದಲ್ಲಿ ಅವುಗಳನ್ನು ಎಣಿಸಿದರೆ ಮೀನಿನ ವಯಸ್ಸು ದಿನಗಳ ಲೆಕ್ಕದಲ್ಲಿ ಸಿಗುತ್ತದೆ. ಎಳೆಯ, ಬೇಗ ಬೆಳೆಯುವ ಮೀನುಗಳಿಗೆ ಇದು ಬಹಳ ಉಪಯುಕ್ತ.

ಇನ್ನೊಂದು ದಾರಿಗೆ ಕಲ್ಲೇ ಬೇಡ, ಅಳತೆಪಟ್ಟಿ ಸಾಕು. ಒಂದೇ ಬಂದರಿನಲ್ಲಿ ಪ್ರತಿ ತಿಂಗಳು ನೂರಾರು ಮೀನುಗಳ ಉದ್ದ ಅಳೆಯಬೇಕು. ಒಂದೇ ಕಾಲದಲ್ಲಿ ಹುಟ್ಟಿದ ಮೀನುಗಳು ಹೆಚ್ಚುಕಡಿಮೆ ಒಂದೇ ಉದ್ದದವಾದ್ದರಿಂದ ಪಟ್ಟಿಯಲ್ಲಿ ಒಂದು ಗುಂಪಾಗಿ ಕಾಣುತ್ತವೆ. ಈ ತಿಂಗಳು 11 ಸೆಂ.ಮೀ. ಸುತ್ತ ಇದ್ದ ಗುಂಪು ಮುಂದಿನ ತಿಂಗಳು 12.5ಕ್ಕೆ, ಅದರ ಮುಂದಿನ ತಿಂಗಳು ಸುಮಾರು 14ಕ್ಕೆ ಸರಿದರೆ ಅದೇ ಅವುಗಳ ಬೆಳವಣಿಗೆಯ ವೇಗ. ಡೆನ್ಮಾರ್ಕಿನ ಪೀಟರ್‌ಸನ್ 19ನೇ ಶತಮಾನದ ಕೊನೆಯಲ್ಲೇ ಈ ಉಪಾಯ ಬಳಸಿದ್ದರು. ಉಷ್ಣವಲಯದ ದೇಶಗಳಿಗೆ ಹೊಂದುವಂತೆ ಇದನ್ನು ಗಣಕಯಂತ್ರದಲ್ಲಿ ಲೆಕ್ಕ ಹಾಕುವ ವಿಧಾನವನ್ನು 1980ರ ಸುಮಾರಿಗೆ ಡೇನಿಯಲ್ ಪಾಲಿ ರೂಪಿಸಿದರು. ಭಾರತದಲ್ಲೂ ಅದು ವ್ಯಾಪಕವಾಗಿ ಬಳಕೆಗೆ ಬಂತು. ಕೊಚ್ಚಿಯಲ್ಲಿ ಕೇಂದ್ರ ಕಚೇರಿ ಇರುವ, ಮಂಗಳೂರಿನಲ್ಲೂ ಕಾರವಾರದಲ್ಲೂ ಕೇಂದ್ರಗಳನ್ನು ಹೊಂದಿರುವ ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಸಿಬ್ಬಂದಿ ಬಂದರುಗಳಲ್ಲಿ ಮೀನು ಅಳೆಯುವುದು ಇಂಥ ಲೆಕ್ಕಗಳಿಗಾಗಿಯೇ.

ಈ ವಿಧಾನಕ್ಕೂ ಮಿತಿ ಇದೆ. ಬಲೆಯ ಕಣ್ಣಿಗಿಂತ ಸಣ್ಣ ಮೀನು ಬಲೆಗೆ ಸಿಗದೆ ಜಾರಿಹೋಗುತ್ತದೆ, ಅಳತೆಗೆ ಬರುವುದಿಲ್ಲ. ವಯಸ್ಸಾದ ಮೀನುಗಳ ಉದ್ದ ಒಂದರ ಮೇಲೊಂದು ಬಿದ್ದು ಗುಂಪುಗಳು ಬೆರೆತುಹೋಗುತ್ತವೆ. ಆದ್ದರಿಂದ ಉದ್ದದ ಲೆಕ್ಕವನ್ನು ಸಾಧ್ಯವಾದಲ್ಲಿ ಕಿವಿಗಲ್ಲಿನ ಲೆಕ್ಕದೊಂದಿಗೆ ತಾಳೆ ನೋಡುತ್ತಾರೆ.

ಬೂತಾಯಿ ಬೇಗ ಬೆಳೆಯುತ್ತದೆ, ಹಾಗಾದರೆ ಚಿಂತೆ ಇಲ್ಲವೇ?

ಬೂತಾಯಿ ಬಸಳೆಯ ಜಾತಿಯದು. ಮಳೆಗಾಲದಲ್ಲಿ ಮೊಟ್ಟೆ ಇಡುತ್ತದೆ, ಬೇಗ ಬೆಳೆಯುತ್ತದೆ, ಬೇಗ ಸಾಯುತ್ತದೆ. ಆಳ ಸಮುದ್ರದ ಮೀನಿನಂತೆ ಚೇತರಿಕೆಗೆ ಶತಮಾನ ಬೇಡ. ಆದರೆ ಇದರಲ್ಲಿ ಬೇರೆ ಅಪಾಯವಿದೆ. ನೂರು ವರ್ಷ ಬದುಕುವ ಮೀನಿನ ಹಿಂಡಿನಲ್ಲಿ ಹತ್ತಾರು ತಲೆಮಾರುಗಳು ಒಟ್ಟಿಗಿರುತ್ತವೆ. ಒಂದು ವರ್ಷ ಮರಿ ಆಗದಿದ್ದರೂ ಹಿಂಡು ಉಳಿಯುತ್ತದೆ. ಬೂತಾಯಿಯಲ್ಲಿ ಇರುವುದೇ ಎರಡು ಮೂರು ವರ್ಷದ ಮೀನು. ಒಂದೆರಡು ವರ್ಷ ಮರಿಗಳು ಉಳಿಯದಿದ್ದರೆ, ಅಥವಾ ಉಳಿದ ಮರಿಗಳನ್ನು ಮೊಟ್ಟೆ ಇಡುವ ಮೊದಲೇ ಬಲೆ ಬಾಚಿಬಿಟ್ಟರೆ ಹಿಂದೆ ಆಸರೆಗೆ ಹಳೆಯ ಮೀನುಗಳಿಲ್ಲ.

ಪಕ್ಕದ ಕೇರಳದ ಅಂಕಿಅಂಶ ಇದನ್ನು ಹೇಳುತ್ತದೆ. 2012ರಲ್ಲಿ ಅಲ್ಲಿ ಸುಮಾರು 4 ಲಕ್ಷ ಟನ್ ಬೂತಾಯಿ ಸಿಕ್ಕಿತ್ತು. 2021ರಲ್ಲಿ ಸಿಕ್ಕಿದ್ದು ಸುಮಾರು 3,300 ಟನ್ ಮಾತ್ರ. ಸಮುದ್ರದ ಉಷ್ಣತೆ, ಮಳೆ, ಮೀನಿನ ಆಹಾರವಾದ ಪ್ಲವಕಗಳ ಏರುಪೇರು, ಅತಿಯಾದ ಮೀನುಗಾರಿಕೆ ಹೀಗೆ ಹಲವು ಕಾರಣಗಳನ್ನು ವಿಜ್ಞಾನಿಗಳು ಮುಂದಿಡುತ್ತಾರೆ. ಸಮುದ್ರದ ಉಷ್ಣತೆ ನಮ್ಮ ಕೈಯಲ್ಲಿಲ್ಲ. ಯಾವ ಗಾತ್ರದ ಮೀನು ಹಿಡಿಯಬೇಕು ಎಂಬುದು ನಮ್ಮ ಕೈಯಲ್ಲಿದೆ.

ಇದಕ್ಕಾಗಿಯೇ ಕನಿಷ್ಠ ಗಾತ್ರದ ನಿಯಮ ಬಂದಿದೆ. ಕೇರಳ 2015ರಲ್ಲಿ ಬೂತಾಯಿಗೆ 10 ಸೆಂ.ಮೀ., ಬಂಗುಡೆಗೆ 14 ಸೆಂ.ಮೀ. ಮಿತಿ ನಿಗದಿ ಮಾಡಿತು. ಬೂತಾಯಿ ಸಾಮಾನ್ಯವಾಗಿ ಮೊದಲ ಬಾರಿ ಮೊಟ್ಟೆ ಇಡುವುದು 15 ಸೆಂ.ಮೀ. ಆಸುಪಾಸಿನಲ್ಲಿ. ಹಾಗಾಗಿ 10 ಸೆಂ.ಮೀ. ಎಂಬುದು ಆದರ್ಶವಲ್ಲ, ಇದಕ್ಕಿಂತ ಕೆಳಗೆ ಇಳಿಯಲೇಬಾರದು ಎಂಬ ಗೆರೆ. ಮೀನುಗಾರರ ದೃಷ್ಟಿಯಿಂದಲೂ ಇದು ನಷ್ಟದ ಮಾತಲ್ಲ. ಮೀನಿನ ಉದ್ದ ಎರಡು ಪಟ್ಟಾದರೆ ತೂಕ ಸುಮಾರು ಎಂಟು ಪಟ್ಟಾಗುತ್ತದೆ. ಫಿಶ್‌ಮೀಲ್ ಕಾರ್ಖಾನೆಗೆ ಅಗ್ಗದಲ್ಲಿ ಹೋಗುವ ಒಂದು ಬುಟ್ಟಿ ಮರಿಮೀನು, ಕೆಲವು ತಿಂಗಳು ನೀರಲ್ಲೇ ಇದ್ದಿದ್ದರೆ ಎಷ್ಟೋ ಬುಟ್ಟಿ ಊಟದ ಮೀನಾಗುತ್ತಿತ್ತು. ಅಷ್ಟರಲ್ಲಿ ಕೆಲವು ಸಹಜವಾಗಿ ಸತ್ತರೂ ಲೆಕ್ಕ ಲಾಭದ್ದೇ. ಆದರೆ ಒಂದು ದೋಣಿ ಬಿಟ್ಟ ಮರಿಯನ್ನು ಇನ್ನೊಂದು ದೋಣಿ ಹಿಡಿದರೆ ಬಿಟ್ಟವರಿಗೆ ಏನೂ ಸಿಗುವುದಿಲ್ಲ. ನಿಯಮ ಎಲ್ಲರಿಗೂ ಒಂದೇ ಆಗಿರಬೇಕು ಎನ್ನುವುದು ಈ ಕಾರಣಕ್ಕೆ.

ಕೆಲವು ತಪ್ಪು ತಿಳಿವಳಿಕೆಗಳು

ಮೀನಿನ ತಲೆಯಲ್ಲಿ ಕಲ್ಲಿದ್ದರೆ ಆ ಮೀನಿಗೆ ರೋಗವಿದೆ: ಸುಳ್ಳು. ಮುಳ್ಳುಮೂಳೆ ಇರುವ ನಾವು ತಿನ್ನುವ ಎಲ್ಲ ಮೀನುಗಳಲ್ಲೂ ಕಿವಿಗಲ್ಲು ಇರುತ್ತದೆ. ಅದು ವಿಷವಲ್ಲ. ಗಟ್ಟಿಯಾದ್ದರಿಂದ ಹಲ್ಲಿಗೆ ಪೆಟ್ಟಾಗದಂತೆ ನೋಡಿಕೊಂಡರಾಯಿತು, ಮಕ್ಕಳಿಗೆ ಕೊಡುವಾಗ ತೆಗೆದಿಡಿ.

ಎಲ್ಲ ಸಣ್ಣ ಮೀನೂ ಮರಿಮೀನು, ತಿನ್ನಲೇಬಾರದು: ಇದೂ ಸರಿಯಲ್ಲ. ಕೊಲ್ಲತ್ತರುವಿನಂಥ ಮೀನುಗಳು ಪೂರ್ತಿ ಬೆಳೆದಾಗಲೂ ಚಿಕ್ಕವೇ. ಪ್ರಶ್ನೆ ಗಾತ್ರದ್ದಲ್ಲ, ಆ ಜಾತಿಯ ಮೀನು ಒಮ್ಮೆಯಾದರೂ ಮೊಟ್ಟೆ ಇಡುವಷ್ಟು ಬೆಳೆದಿದೆಯೇ ಎಂಬುದು.

ದೊಡ್ಡ ಮೀನು ಹಿಡಿದರೆ ತೊಂದರೆಯೇ ಇಲ್ಲ: ಪೂರ್ತಿ ನಿಜವಲ್ಲ. ದೊಡ್ಡ ಹೆಣ್ಣು ಮೀನು ಚಿಕ್ಕದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಮೊಟ್ಟೆ ಇಡುತ್ತದೆ. ನಿಧಾನವಾಗಿ ಬೆಳೆಯುವ ಜಾತಿಗಳಲ್ಲಿ ಅಂಥ ಮೀನುಗಳೇ ಹಿಂಡಿನ ಆಧಾರ.

ಹಾಗಾದರೆ ಮಾರುಕಟ್ಟೆಯಲ್ಲಿ ನಾವೇನು ಮಾಡಬಹುದು? ಬಂಗುಡೆ ಕೊಳ್ಳುವಾಗ ಅಂಗೈಯನ್ನು ಪಕ್ಕದಲ್ಲಿಟ್ಟು ನೋಡಿ. ದೊಡ್ಡವರ ಅಂಗೈ, ಮಣಿಕಟ್ಟಿನಿಂದ ನಡುಬೆರಳ ತುದಿಯವರೆಗೆ, ಸುಮಾರು 17-19 ಸೆಂ.ಮೀ. ಇರುತ್ತದೆ. ಬಂಗುಡೆ ಮೊದಲ ಸಲ ಮೊಟ್ಟೆ ಇಡುವ ಉದ್ದವೂ ಹೆಚ್ಚುಕಡಿಮೆ ಅಷ್ಟೇ. ಅದಕ್ಕಿಂತ ತೀರಾ ಚಿಕ್ಕದಿದ್ದರೆ ಬೇಡವೆನ್ನಿ. ಮಾರುವವರೊಡನೆ ಜಗಳ ಬೇಕಿಲ್ಲ. ಕೊಳ್ಳುವವರಿಲ್ಲದ ಮೀನಿಗೆ ಬೆಲೆ ಇಳಿಯುತ್ತದೆ, ಬೆಲೆ ಇಲ್ಲದ ಮೀನಿಗೆ ಡೀಸೆಲ್ ಸುಡುವವರು ಕಡಿಮೆಯಾಗುತ್ತಾರೆ.

ಮುಂದಿನ ಸಲ ತಲೆಯ ಸಾರಿನಲ್ಲಿ ಆ ಬಿಳಿ ಕಲ್ಲು ಸಿಕ್ಕರೆ ತೊಳೆದು ಬೆಳಕಿಗೆ ಹಿಡಿದು ನೋಡಿ. ಬರಿಗಣ್ಣಿಗೆ ವಯಸ್ಸು ಕಾಣಲಾರದು. ಆದರೆ ಸಮುದ್ರದಲ್ಲಿ ಎಷ್ಟು ಮೀನು ಬಿಟ್ಟು ಬರಬೇಕು ಎಂಬ ಲೆಕ್ಕ ಶುರುವಾಗುವುದು ಅಂಥದ್ದೇ ಕಲ್ಲುಗಳಿಂದ.